ಮಾವನ ಕೆಂಪು ಪೆನ್ನು

ಮೊದಲಿಂದ ಹೇಳ್ತೀನಿ, ಮಧ್ಯದಾಗೆ ಬಾಯಿ ಹಾಕಬೇಡ್ರಿ. ನಂಗೇ ಇನ್ನೂ ಸರಿಯಾಗಿ ತಲೆಗೆ ಹತ್ತಿಲ್ಲ. ನೀವೂ ಬಾಯಿ ಹಾಕಿದ್ರೆ ಎಲ್ಲಿಂದ ಎಲ್ಲಿಗೆ ಬಂದೆ ಅನ್ನೋದು ಮರ್ತೇ ಹೋಗ್ತೈತೆ.

ಚಿತ್ರದುರ್ಗದಾಗೆ ಹೊಳಲ್ಕೆರೆ ರಸ್ತೇಲಿ ನಂದೊಂದು ಡಿಟಿಪಿ ಅಂಗಡಿ ಐತೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕೆಮ್ಮಿಕೊಂಡು ಓಡೋ ಒಂದು ಜೆರಾಕ್ಸ್ ಮಿಷನ್ನು, ಎರಡು ಪ್ಲಾಸ್ಟಿಕ್ ಕುರ್ಚಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಬಾಡಿಗೆ ಕರಾರು ಎಲ್ಲಾ ಮಾಡ್ತೀನಿ. ಆದ್ರೆ ಹದಿನಾಲ್ಕು ವರ್ಷದಿಂದ ದಾಕ್ಷಾಯಿಣಿ ಅಂತ ನನ್ನ ಹೆಸರು ನಿಂತಿರೋದು ಪಿಎಚ್‌ಡಿ ಪ್ರಬಂಧದ ಮೇಲೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಯಾರು ಕನ್ನಡದಾಗೆ ಪಿಎಚ್‌ಡಿ ಮಾಡಿದ್ರೂ ಕೈಬರಹದ ಕಟ್ಟು ಹಿಡ್ಕೊಂಡು ನನ್ನ ಹತ್ರಾನೇ ಬರ್ತಾರೆ. ಯಾಕಂದ್ರೆ ನಮ್ಮಲ್ಲಿ ತಪ್ಪು ಇರಲ್ಲ. ತಪ್ಪು ಯಾಕಿರಲ್ಲ ಅಂದ್ರೆ ನಮ್ಮ ಮಾವ ಇದಾರೆ.

ಮಾವ ಅಂದ್ರೆ ನನ್ನ ಗಂಡನ ಅಪ್ಪ, ಮುರುಗೇಶಪ್ಪ ಮೇಷ್ಟ್ರು. ಎಂಬತ್ತೊಂದು ವಯಸ್ಸು. ಯಲ್ಲದಕೆರೆ, ಐಮಂಗಲ ಕಡೆ ಶಾಲೆಗಳಲ್ಲಿ ಕನ್ನಡ ಕಲಿಸಿ ರಿಟೈರಾದೋರು. ದಿನಾ ಬೆಳಿಗ್ಗೆ ಹತ್ತಕ್ಕೆ ನನ್ನ ಜೊತೆ ಅಂಗಡಿಗೆ ಬರ್ತಾರೆ. ನಾನು ಟೈಪ್ ಮಾಡಿ ಪ್ರಿಂಟ್ ಕೊಡ್ತೀನಿ, ಅವರು ಅದನ್ನ ಗಟ್ಟಿಯಾಗಿ ಓದ್ತಾರೆ, ಅಲ್ಪವಿರಾಮ ಪೂರ್ಣವಿರಾಮ ಎಲ್ಲಾ ಸಮೇತ. ನಾನು ಕೈಬರಹದ ಪ್ರತಿ ಮೇಲೆ ಬೆರಳಿಟ್ಟು ಹ್ಞೂಂ ಅಂತಾ ಹೋಗ್ತೀನಿ. ತಪ್ಪು ಕಂಡ್ರೆ ಕೆಂಪು ಪೆನ್ನಲ್ಲಿ ಗುರುತು ಹಾಕ್ತಾರೆ. ಆಮೇಲೆ ಕೆಂಪಲ್ಲಿ ಏನೈತೋ ಅದನ್ನ ನಾನು ಕಣ್ಣು ಮುಚ್ಕೊಂಡು ಕಂಪ್ಯೂಟರ್‌ಗೆ ಹಾಕ್ತೀನಿ. ಎತ್ತು ಈಯ್ತು ಅಂದ್ರೆ ಕರೂನ ಕೊಟ್ಟಿಗೇಲಿ ಕಟ್ಟು ಅಂದಂಗೆ. ಮಾವನ ಕೆಂಪು ಯಾವತ್ತೂ ತಪ್ಪಿದ್ದಿಲ್ಲ, ಹಂಗಾಗಿ ನಾನು ಯಾವತ್ತೂ ಓದಿದ್ದೂ ಇಲ್ಲ.

ಇನ್ನೊಂದು ಪದ್ಧತಿ ಐತೆ. ಪ್ರಬಂಧದ ಮುಂದೆ ಕೃತಜ್ಞತೆ ಅಂತ ಒಂದು ಪುಟ ಇರ್ತೈತಲ್ಲ, ಗೈಡಿಂದ ಹಿಡಿದು ಅತ್ತೆ ಮಾವನವರೆಗೆ ಎಲ್ಲರಿಗೂ ಕೈ ಮುಗಿಯೋದು. ಅದರ ಕೊನೇ ಸಾಲು ನಮ್ಮದು. 'ಅಕ್ಷರ ಜೋಡಿಸಿದ ದಾಕ್ಷಾಯಿಣಿ, ಕರಡು ತಿದ್ದಿದ ಮುರುಗೇಶಪ್ಪ ಮೇಷ್ಟ್ರು ಇವರನ್ನು ನೆನೆಯುತ್ತೇನೆ.' ಇದನ್ನ ಯಾರೂ ಬರ್ಕೊಂಡು ಬರಲ್ಲ, ನಾವೇ ಹಾಕ್ಕಂತೀವಿ. ಯಾರೂ ಬೇಡ ಅಂದಿಲ್ಲ ಇಲ್ಲಿವರೆಗೂ.

ಇಷ್ಟು ಒಳ್ಳೇ ಮನುಷ್ಯನ ಮೇಲೆ ನಂಗೊಂದು ಗುಮಾನಿ ಇತ್ತು, ಹೇಳೋಕೇ ನಾಚಿಕೆ. ನಮ್ಮ ಅಂಗಡಿ ಪಕ್ಕದಾಗೆ ನಾಗಕ್ಕ ಅಂತ ಹೂ ಮಾರೋ ಹೆಂಗಸು ಕುಂತ್ಕಂತಾಳೆ. ಅರವತ್ತರ ಹತ್ರ, ಗಂಡ ತೀರ್ಕೊಂಡು ಭಾಳ ವರ್ಷ ಆತು. ಗಿರಾಕಿ ಬಂದು 'ನಾಗಕ್ಕಾ, ಒಂದು ಮೊಳ ಸೇವಂತಿಗೆ' ಅಂದ್ರೆ ಸಾಕು, ಓದ್ತಿದ್ದ ಮಾವ ಅಲ್ಲೇ ನಿಲ್ಲಿಸಿ ತಲೆ ಎತ್ತೋರು. ಒಂದಿನ ಅಲ್ಲ ಎರಡು ದಿನ ಅಲ್ಲ, ಹದಿನಾಲ್ಕು ವರ್ಷ. ಹುಣಸೆ ಮರ ಮುಪ್ಪಾದ್ರೆ ಹುಳಿ ಮುಪ್ಪೇನು ಅಂತ ನಂಗೆ ಒಳಗೊಳಗೇ ಉರಿ. ಗಂಡ ಬಸವೇಶ್‌ಗೆ ಹೇಳಿದ್ರೆ ನಕ್ಕುಬಿಟ್ರು. ಮಾವನ ಕುರ್ಚೀನ ಜೆರಾಕ್ಸ್ ಮಿಷನ್ ಹಿಂದಕ್ಕೆ ಹಾಕಿದೆ. ಅಲ್ಲಿಂದಾನೂ ತಲೆ ಎತ್ತೋರು. ಒಂದು ಮಾತ್ರ ನಂಗೆ ಬಗೆಹರೀತಿರಲಿಲ್ಲ. ತಲೆ ಎತ್ತಿದೋರು ನಾಗಕ್ಕನ ಕಡೆ ಒಂದು ಸಲಾನೂ ನೋಡ್ತಿರಲಿಲ್ಲ, ಸುಮ್ನೆ ರಸ್ತೆ ಕಡೆ ನೋಡೋರು.

ಇರಲಿ. ಹೋದ ವರ್ಷ ಕಾವ್ಯಶ್ರೀ ಬಂದ್ಲು. ಹೊಸದುರ್ಗದ ಹುಡುಗಿ, ಹೊಳಲ್ಕೆರೇಲಿ ಒಂದು ಕಾಲೇಜಿನಾಗೆ ಗೆಸ್ಟ್ ಲೆಕ್ಚರರ್ರು. ನಾಲ್ಕು ಕಟ್ಟು ಕೈಬರಹ ತಂದು ಟೇಬಲ್ ಮೇಲೆ ಇಟ್ಲು. ಮೇಲೆ ಬರೆದಿತ್ತು: 'ನರಮೇಧ ಸಾಹಿತ್ಯ: ಲಿಂಗತ್ವದ ನೆಲೆಯಿಂದ ಒಂದು ಅಧ್ಯಯನ'. ಅಡಿಕೆ ರೋಗ ಟೈಪ್ ಮಾಡಿದೀನಿ, ಪಂಚಾಯ್ತಿ ಆಡಳಿತ ಟೈಪ್ ಮಾಡಿದೀನಿ, ಇಂಥದ್ದು ಮಾಡಿರಲಿಲ್ಲ.

"ನರಮೇಧ ಅಂದ್ರೆ ಯುದ್ಧ ಏನಮ್ಮ?" ಅಂದೆ.

"ಯುದ್ಧ ಅಲ್ಲ ಅಕ್ಕ. ಒಂದು ಜನಾನೇ ಭೂಮಿ ಮೇಲೆ ಇಲ್ಲದಂಗೆ ಮಾಡಾದು. ಅದರಾಗೆ ಬದುಕಿ ಉಳಿದೋರು ಬರೆದಿರ್ತಾರಲ್ಲ, ಆತ್ಮಕತೆ, ಕತೆ, ಪದ್ಯ, ಅದು ನರಮೇಧ ಸಾಹಿತ್ಯ. ಅದರಲ್ಲಿ ಗಂಡಸ್ರಿಗೆ ಆಗಿದ್ದೇನು, ಹೆಂಗಸ್ರಿಗೆ ಆಗಿದ್ದೇನು, ಯಾರು ಏನನ್ನ ಹೇಳ್ಕೊಂಡಿದಾರೆ, ಏನನ್ನ ಬಿಟ್ಟಿದಾರೆ ಅಂತ ನೋಡಾದು ನನ್ನ ಕೆಲಸ."

"ಸತ್ತ ಮೇಲೆ ಗಂಡೇನು ಹೆಣ್ಣೇನು?"

"ಸಾಯೋಕೆ ಮುಂಚೆ ಇರ್ತೈತಲ್ಲ ಅಕ್ಕ," ಅಂದ್ಲು. "ನಮ್ಮ ಕಾಲೇಜಲ್ಲೂ ಎಲ್ಲಾ ನಗ್ತಾರೆ. ಊರಲ್ಲೇ ಓಬವ್ವ ಇದಾಳೆ, ಅವಳ ಮೇಲೆ ಮಾಡಾದು ಬಿಟ್ಟು ಯಾವುದೋ ದೇಶದ ಹೆಂಗಸ್ರ ಗೋಳು ನಿಂಗ್ಯಾಕೆ ಅಂತಾರೆ."

ನಿಜ ಹೇಳ್ಬೇಕು ಅಂದ್ರೆ ನಂಗೂ ಹಂಗೇ ಅನ್ಸಿತ್ತು. ಆದ್ರೆ ಗಿರಾಕಿ ಮುಂದೆ ಹೇಳೋಕೆ ಆಗಲ್ಲ. ಮಾರ್ಚಿ ಒಳಗೆ ಸಲ್ಲಿಸದಿದ್ರೆ ನೋಂದಣಿ ರದ್ದಾಗ್ತೈತೆ ಅಂತ ಹೇಳಿ ಹೋದ್ಲು. ಮಾಡಿಕೊಡ್ತೀನಿ ಬಿಡಮ್ಮ ಅಂದೆ.

ಮೂರು ಅಧ್ಯಾಯ ಸಲೀಸಾಗಿ ಹೋತು. ದೂರದೂರದ ದೇಶದ ಹೆಸರು, ನಾಲಿಗೆ ತಿರುಗದ ಊರಿನ ಹೆಸರು. ಮಾವ ಓದ್ತಿದ್ರು, ನಾನು ಹ್ಞೂಂ ಅಂತಿದ್ದೆ, ಕೈ ಕಾಗದದ ಮೇಲೆ, ತಲೆ ಮನೇಲಿ. ನನ್ನ ಮಗಳು ದಿವ್ಯಾ ಪರೀಕ್ಷೆ ಹತ್ರ ಬಂದಿತ್ತು, ಮಗನಿಗೆ ಜ್ವರ. ನಾಲ್ಕನೇ ಅಧ್ಯಾಯದಾಗೆ ಒಂದು ಕಡೆ, ಒಂದು ಹಳ್ಳೀಲಿ ಗಂಡಸ್ರನ್ನ ಒಂದು ಸಾಲು, ಹೆಂಗಸ್ರನ್ನ ಒಂದು ಸಾಲು ನಿಲ್ಲಿಸಿದ್ದು ಬರ್ತೈತೆ. ಮಾವ ಓದಿದ್ರು: "ಯಾರು ಸಾಯಬೇಕು, ಯಾರು ಉಳಿಯಬೇಕು ಎಂಬುದನ್ನು ಲಿಂಗವೇ ತೀರ್ಮಾನಿಸಿತು." ಓದಿ ಪೂರ್ಣವಿರಾಮ ಅನ್ನಲಿಲ್ಲ. ನಾನು ಕಾಯ್ದೆ. ಅವರು ಅದೇ ಸಾಲನ್ನ ಬಾಯೊಳಗೆ ಇನ್ನೊಂದು ಸಲ ಓದ್ಕೊಂಡ್ರು.

"ಇವತ್ತಿಗೆ ಸಾಕು ದಾಕ್ಷಾಯಿಣಿ," ಅಂದ್ರು. ಅವರು ಯಾವಾಗ್ಲೂ ನನ್ನ ಹೆಸರು ಪೂರ್ತಿ ಕರೆಯೋದು, ಹಾಜರಿ ಕೂಗ್ದಂಗೆ. ಬೇರೆ ಮಾವಂದಿರ ಹಂಗೆ ಅವ್ವ, ತಾಯಿ ಅಂತ ಯಾವತ್ತೂ ಅಂದಿಲ್ಲ. ಆವತ್ತು ಪ್ರಿಂಟನ್ನ ಮನೆಗೆ ತಗೊಂಡು ಹೋದ್ರು. ಮಾರನೇ ದಿನ ವಾಪಸ್ ತಂದು ನನ್ನ ಮುಂದೆ ಇಟ್ಟು, ಎದೆ ಉರಿ ಅಂತ ಹೇಳಿ ಮನೆಗೇ ಹೋಗಿ ಮಲಗಿದ್ರು. ನಾನು ಕೂತು ಕೆಂಪಲ್ಲಿ ಇದ್ದದ್ದನ್ನೆಲ್ಲಾ ಹಾಕಿದೆ. ಕೆಂಪು ಜಾಸ್ತಿ ಐತಲ್ಲ ಇವತ್ತು ಅಂತ ಮಾತ್ರ ಅನ್ಸಿತು. ಫೈಲನ್ನ ಕಾವ್ಯಶ್ರೀಗೆ ಕಳಿಸಿದೆ, ಅವಳು ನೋಡದೇ ಗೈಡ್‌ಗೆ ಕಳಿಸಿದ್ಲು.

ಬುಧವಾರ ಮಧ್ಯಾಹ್ನ ಕಾವ್ಯಶ್ರೀ ಹೊಳಲ್ಕೆರೆ ಬಸ್ಸಿಳಿದು ಸೀದಾ ಅಂಗಡಿಗೆ ಬಂದ್ಲು. ಮುಖ ಕೆಂಡ. ಶುಕ್ರವಾರ ಕೊನೇ ದಿನ. "ಅಕ್ಕ, ಇದೇನ್ರಿ ಇದು?" ಅಂತ ಮೊಬೈಲ್ ನನ್ನ ಮುಖಕ್ಕೆ ಹಿಡಿದ್ಲು. ನಾಲ್ಕನೇ ಅಧ್ಯಾಯ. ಅವಳ ಸಾಲಿನ ಕೆಳಗೆ ಹಿಂಗಿತ್ತು:

'ಇಲ್ಲ. ತೀರ್ಮಾನಿಸಿದ್ದು ಬಟ್ಟೆ ಮತ್ತು ತಲೆಗೂದಲು. ಚಡ್ಡಿ ಹಾಕಿದ್ದ ಹುಡುಗಿಯನ್ನು ಕೊಂದರು. ಲಂಗ ಹಾಕಿದ್ದ ಹುಡುಗ ಉಳಿದ.'

ಆ 'ಇಲ್ಲ' ಅನ್ನೋದನ್ನೂ ಸೇರಿಸಿ ನಾನೇ ಟೈಪ್ ಮಾಡಿದ್ದೆ. ಹದಿನಾಲ್ಕು ವರ್ಷದ ಹೆಸರು ಒಂದೇ ಸಾಲಿಗೆ ಹೋತು.

"ಗೈಡ್ ಸರ್ ಕೇಳ್ತಾರೆ, ಇದು ಯಾವ ಪುಸ್ತಕದ್ದು, ಆಧಾರ ಎಲ್ಲಿ, ಎಲ್ಲಿಂದ ಕದ್ದೆ ಅಂತ. ನಾನೇನು ಹೇಳಲಿ? ನಾನು ಬರೆದೇ ಇಲ್ಲ ಅಂದ್ರೆ ನಿನ್ನ ಪ್ರಬಂಧ ಯಾರು ಬರೀತಾರೆ ಹಂಗಾದ್ರೆ ಅಂತಾರೆ."

ನಾನು ಜೆರಾಕ್ಸ್ ಮಿಷನ್ ಹಿಂದೆ ತಿರುಗಿದೆ. ಮಾವ ಅಲ್ಲೇ ಇದ್ರು, ಪೇಪರ್ ಮಡಚಿ ತೊಡೆ ಮೇಲೆ ಇಟ್ಕೊಂಡಿದ್ರು. ನಂಗೆ ಸಿಟ್ಟು ನೆತ್ತಿಗೇರಿತ್ತು. "ಏನ್ ಮಾವ ಇದು? ತಪ್ಪು ತಿದ್ದಿ ಅಂದ್ರೆ ನಿಮ್ಮ ಕತೆ ಬರೀತೀರಾ? ವಯಸ್ಸಾತು ಅಂತ ಸುಮ್ನಿದ್ರೆ ಆ ಹುಡುಗಿ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ," ಅಂತ ಬಾಯಿಗೆ ಬಂದಿದ್ದೆಲ್ಲಾ ಅಂದುಬಿಟ್ಟೆ. ಮಾವನ ಮುಂದೆ ಆ ಥರ ದನಿ ಎತ್ತಿದ್ದು ಅದೇ ಮೊದಲು.

"ತಪ್ಪಿತ್ತು, ತಿದ್ದಿದೆ," ಅಂದ್ರು ಮಾವ.

"ಎಲ್ಲಿ ಓದಿದ್ರಿ ಸರ್ ಇದನ್ನ?" ಅಂದ್ಲು ಕಾವ್ಯಶ್ರೀ. ಅವಳಿಗೆ ಆಧಾರ ಸಿಕ್ರೆ ಸಾಕಾಗಿತ್ತು, ಪಾಪ.

"ಓದಲಿಲ್ಲ. ಲಂಗ ಹಾಕಿದ್ದೋನು ನಾನು."

ನಾನಂತೂ ಮಾವನಿಗೆ ಏನೋ ಮಂಕು ಹಿಡಿದೈತೆ ಅಂದ್ಕೊಂಡೆ. ಮಾವ ಕನ್ನಡಕ ತೆಗೆದು ಮೂಗಿನ ಎಡಗಡೆ ಬೆರಳು ಇಟ್ಟು ತೋರಿಸಿದ್ರು. ಅಲ್ಲೊಂದು ಚುಕ್ಕಿ ಐತೆ, ಹತ್ತಿಕೊಂಡಿರೋ ತೂತು. ನಾನು ಮದುವೆ ಆಗಿ ಬಂದಾಗಿನಿಂದ ಅದನ್ನ ಸಿಡುಬಿನ ಕಲೆ ಅಂತ ತಿಳ್ಕೊಂಡಿದ್ದೆ.

"ಕುಂತ್ಕಳ್ರಿ ಇಬ್ರೂ," ಅಂದ್ರು. "ನಮ್ಮದು ಈ ಊರಲ್ಲ ಮೂಲಕ್ಕೆ. ಗಡಿ ಆಚೆ, ನಿಜಾಮನ ಸೀಮೆ. ನಮ್ಮವ್ವಗೆ ನನಗಿಂತ ಮೊದಲು ಎರಡು ಗಂಡು ಹುಟ್ಟಿ ಎರಡೂ ಹೋಗಿದ್ವು. ಗಂಡು ನಿಲ್ಲದ ಮನೇಲಿ ಏನು ಮಾಡ್ತಾರೆ ಗೊತ್ತಲ್ಲ."

ನಂಗೆ ಗೊತ್ತಿತ್ತು. ನಮ್ಮ ಕಡೇನೂ ಮಾಡ್ತಿದ್ರು. ಹುಟ್ಟಿದ ಕೂಸನ್ನ ತಿಪ್ಪೆ ಮೇಲೆ ಮಲಗಿಸಿ, ಯಾರೋ ಬಿಸಾಕಿದ್ದು ಅಂತ ಎತ್ಕೊಂಡು ಬಂದು ತಿಪ್ಪೇಸ್ವಾಮಿ ಅಂತ ಹೆಸರಿಡಾದು. ಇಲ್ಲಾ, ಗಂಡು ಕೂಸನ್ನ ಹೆಣ್ಣು ಅಂತ ಸಾಕಾದು. ಮೂಗು ಚುಚ್ಚಿ, ಕೂದಲು ಬಿಟ್ಟು, ಜಡೆ ಹಾಕಿ. ಸಾವು ಬಂದು ನೋಡಿದ್ರೆ ಈ ಮನೇಲಿ ಗಂಡಿಲ್ಲ ಅಂತ ವಾಪಸ್ ಹೋಗ್ಲಿ ಅಂತ.

"ಹಂಗೆ ನನ್ನ ಸಾಕಿದ್ರು. ನನಗೆ ಎಂಟು ವರ್ಷದ ಅಕ್ಕ ಇದ್ಲು. ನನಗೆ ಐದಾಗಿದ್ದಾಗ ದಡಾರ ಬಂದು ಉಳಿಯಲ್ಲ ಅಂದ್ರು. ತಮ್ಮ ಉಳಿದ್ರೆ ಅಕ್ಕನ ಮುಡಿ ಕೊಡ್ತೀನಿ ಅಂತ ಅವ್ವ ದೇವರಿಗೆ ಹರಕೆ ಕಟ್ಕೊಂಡಳು. ನಾನು ಉಳಿದೆ. ಅಕ್ಕನ ತಲೆ ಬೋಳಿಸಿದ್ರು. ಅಪ್ಪ ಆಸೆಗೆ ಅಂತ ನನ್ನ ಹೆಸರಲ್ಲಿ ಚಡ್ಡಿ ಅಂಗಿ ಹೊಲಿಸಿ ಇಟ್ಟಿದ್ದ, ಬೆಳೀತಾನೆ ಅಂತ ದೊಡ್ಡದಾಗೇ ಹೊಲಿಸಿದ್ದ. ನಾನಂತೂ ಹಾಕೋ ಹಂಗಿಲ್ಲ. ಬಟ್ಟೆ ಸುಮ್ನೆ ಯಾಕೆ ಹಾಳಾಗಬೇಕು ಅಂತ ಅಕ್ಕ ದನ ಕಾಯೋಕೆ ಹೋಗುವಾಗ ಅದನ್ನ ಹಾಕ್ಕಂತಿದ್ಲು. ಅವಳಿಗೆ ಭಾಳ ಖುಷಿ. ಮುಳ್ಳಿಗೆ ಸಿಗಲ್ಲ, ಮರ ಹತ್ತಬಹುದು ಅಂತ."

ಪಕ್ಕದಾಗೆ ಯಾರೋ 'ನಾಗಕ್ಕಾ' ಅಂತ ಕೂಗಿ ಕನಕಾಂಬರ ಕೇಳಿದ್ರು. ಮಾವ ಮಾತು ನಿಲ್ಲಿಸಿದ್ರು, ತಲೆ ಎತ್ತಿದ್ರು, ಆಮೇಲೆ ಮುಂದುವರಿಸಿದ್ರು. ನಂಗೆ ಆಗಲೂ ಅರ್ಥ ಆಗಲಿಲ್ಲ ನೋಡ್ರಿ, ಎಂಥಾ ಮಬ್ಬಿ ನಾನು.

"ಅದೇ ವರ್ಷ ನಿಜಾಮನ ರಾಜ್ಯ ಬಿತ್ತು. ಆ ಸೀಮೇಲಿ ಇವರು ಅವರನ್ನ ಕಡಿದ್ರು, ಅವರು ಇವರನ್ನ ಕಡಿದ್ರು. ನಮ್ಮೂರಿಗೆ ಬಂದೋರು ಯಾರು ಅಂತ ನನ್ನ ಕೇಳಬ್ಯಾಡ್ರಿ. ದೊಡ್ಡೋರು ಏನೇನೋ ಹೇಳ್ತಿದ್ರು, ನನಗೆ ಕಂಡಿದ್ದು ಕಾಲುಗಳು ಮಾತ್ರ. ಗಂಡಸ್ರೆಲ್ಲಾ ಆ ಕಡೆ, ಹೆಂಗಸ್ರೆಲ್ಲಾ ಈ ಕಡೆ ಅಂದ್ರು. ಮೊಳಕಾಲುದ್ದದ ಗಂಡು ಹುಡುಗ್ರೂ ಆ ಕಡೆಗೇ. ಅಪ್ಪ ಆ ಕಡೆ ಹೋದ. ನಾನು ಅವ್ವನ ಜೊತೆ ಈ ಕಡೆ. ಅಕ್ಕ ದನ ಬಿಟ್ಟು ಓಡಿ ಬಂದ್ಲು, ಅವ್ವನ ಹತ್ರ ಬರ್ತಿದ್ಲು. ಒಬ್ಬ ಅವಳ ಬೋಳುತಲೆ ಮೇಲೆ ಕೈಯಿಟ್ಟು ತಿರುಗಿಸಿ ಆ ಕಡೆ ತಳ್ಳಿದ."

"ನಾನು ಹೆಣ್ಣು ಅಂತ ಅವಳು ಹೇಳಲಿಲ್ವಾ ಸರ್?" ಅಂದ್ಲು ಕಾವ್ಯಶ್ರೀ.

"ಹೇಳಲಿಲ್ಲ. ಅವ್ವನ ಮುಖ ನೋಡಿದ್ಲು."

"ನಿಮ್ಮವ್ವ?"

"ಅವ್ವ ನನ್ನ ಜಡೆ ಹಿಡ್ಕೊಂಡಿದ್ಲು, ಬಿಗಿಯಾಗಿ. ಬಾಯಿ ಬಿಡಲಿಲ್ಲ."

ಮಾವ ಪಾಠ ಬಿಡಿಸಿ ಹೇಳೋ ಹಂಗೆ ನಿಧಾನಕ್ಕೆ ಹೇಳಿದ್ರು. "ಅದು ಹೆಣ್ಣು ಅಂತ ಅವ್ವ ಅಂದಿದ್ರೆ ಅವರು ಬಟ್ಟೆ ಎತ್ತಿ ನೋಡೋರು. ಒಂದು ಮಗೂನ ನೋಡಿದೋರು ಪಕ್ಕದ್ದನ್ನೂ ನೋಡ್ತಿದ್ರು. ಅವ್ವ ಇಷ್ಟೆಲ್ಲಾ ಯೋಚನೆ ಮಾಡಿ ಸುಮ್ನಿದ್ಲೋ, ದಿಕ್ಕು ತೋಚದೆ ಸುಮ್ನಿದ್ಲೋ, ನನಗೆ ಗೊತ್ತಿಲ್ಲ. ಅವಳು ಹಿರಿಯೂರಲ್ಲಿ ಸಾಯೋವರೆಗೂ ನಾನು ಕೇಳಲಿಲ್ಲ. ಕೇಳಬೇಕಿತ್ತು ಅನ್ಸುತ್ತೆ. ಕೇಳದಿದ್ದದ್ದೇ ಸರಿ ಅಂತಾನೂ ಅನ್ಸುತ್ತೆ. ಇವತ್ತಿಗೂ ಎರಡೂ ಅನ್ಸುತ್ತೆ."

ನಂಗೆ ಮೊದಲು ಆ ತಾಯಿ ಮೇಲೆ ಸಿಟ್ಟು ಬಂತು. ಎಂಥಾ ಕಲ್ಲೆದೆ, ಗಂಡು ಮಗ ಉಳಿದ್ರೆ ಸಾಕು ಅಂತ ಹೆಣ್ಣನ್ನ ಬಿಟ್ಟುಕೊಟ್ಲಲ್ಲ ಅಂತ. ಆಮೇಲೆ ದಿವ್ಯಾ ನೆನಪಾದ್ಲು, ಜ್ವರದಾಗೆ ಮಲಗಿದ್ದ ಮಗ ನೆನಪಾದ. ನಾನಾಗಿದ್ರೆ ಯಾವ ಕೈ ಬಿಡ್ತಿದ್ದೆ ಅಂತ ಯೋಚನೆ ಮಾಡೋಕೆ ಹೋಗಿ ಹೆದರಿಬಿಟ್ಟೆ. ಸಿಟ್ಟು ಯಾರ ಮೇಲೆ ಇಡಬೇಕು ಅಂತಾನೇ ಗೊತ್ತಾಗಲಿಲ್ಲ.

ಕಾವ್ಯಶ್ರೀ ಚೀಲದಾಗಿಂದ ತನ್ನ ಪ್ರಿಂಟ್ ತೆಗೆದು ಹಿಂದಕ್ಕೆ ಮುಂದಕ್ಕೆ ತಿರುವ್ತಾ ಇದ್ಲು. ಮೂರನೇ ಅಧ್ಯಾಯ ಗಂಡಸರ ಕಥನ, ನಾಲ್ಕನೇದು ಹೆಂಗಸರ ಕಥನ. "ಇದು ಎಲ್ಲಿಗೆ ಬರ್ತೈತೆ ಅಕ್ಕ?" ಅಂತ ನನ್ನ ಕೇಳಿದ್ಲು, ನಂಗೆ ಗೊತ್ತಿರೋ ಹಂಗೆ. "ಸತ್ತಿದ್ದು ಹುಡುಗಿ, ಆದ್ರೆ ಅವಳನ್ನ ಕೊಂದೋರು ಹುಡುಗ ಅಂತ ಕೊಂದ್ರು. ಉಳಿದಿದ್ದು ಹುಡುಗ, ಆದ್ರೆ ಹುಡುಗಿ ಆಗಿ ಉಳಿದ್ರು. ಆರು ವರ್ಷ ಓದಿದೀನಿ ನಾನು ಇದನ್ನ. ಎಲ್ಲಿ ಇಡಬೇಕು ಅಂತ ನಂಗೇ ಗೊತ್ತಾಗ್ತಿಲ್ಲ."

"ಎಪ್ಪತ್ತಾರು ವರ್ಷ ಆತು," ಅಂದ್ರು ಮಾವ. "ಅವಳ ಬಗ್ಗೆ ಎಲ್ಲೂ ಒಂದು ಅಕ್ಷರ ಇಲ್ಲ. ಶಾಲೆ ರಿಜಿಸ್ಟರಲ್ಲಿ ಇಲ್ಲ, ಮನೇಲಿ ಒಂದು ಫೋಟೋ ಇಲ್ಲ, ಮಣ್ಣು ಮಾಡಿದ ಜಾಗ ಇಲ್ಲ. ಬಸವೇಶಂಗೂ ಹೇಳಿಲ್ಲ ನಾನು. ಆ ಸಾಲು ಓದಿದಾಗ, ಇಂಥದ್ದನ್ನ ಬರೀತಾರೆ ಅಂತ ಗೊತ್ತಾತು. ಬರೆಯೋದಾದ್ರೆ ಅವಳೂ ಇರಲಿ ಅನ್ನಿಸ್ತು. ಅದಕ್ಕೇ ಬರೆದೆ. ನಿಮ್ಮ ಕೆಲಸ ಕೆಡಬೇಕು ಅಂತ ಅಲ್ಲಮ್ಮ."

ಕಾವ್ಯಶ್ರೀ ಅಲ್ಲೇ ನಿಂತು ಗೈಡ್‌ಗೆ ಫೋನ್ ಹಚ್ಚಿದ್ಲು. ಇದು ನಡೆದಿದ್ದು ಸರ್, ಹೇಳೋರು ಎದುರಿಗೇ ಕೂತಿದಾರೆ, ಅಡಿಟಿಪ್ಪಣೀಲಿ ಹಾಕ್ತೀನಿ ಅಂತ ಗೋಗರೆದ್ಲು. ಆ ಕಡೆಯ ದನಿ ನಮಗೂ ಕೇಳಿಸ್ತಿತ್ತು. ಅವರು ಕೆಟ್ಟ ಮನುಷ್ಯ ಏನಲ್ಲ, ದನೀಲಿ ಬೇಸರಾನೂ ಇತ್ತು. ಇದು ಸಾಹಿತ್ಯದ ಅಧ್ಯಯನ, ಕ್ಷೇತ್ರಕಾರ್ಯ ಅಲ್ಲ, ಅಚ್ಚಾದ ಪುಸ್ತಕದಲ್ಲಿ ಇದ್ರೆ ಹೇಳು, ಇಲ್ಲಾಂದ್ರೆ ಪರೀಕ್ಷಕರು ಪೂರ್ತಿ ಪ್ರಬಂಧಾನೇ ವಾಪಸ್ ಕಳಿಸ್ತಾರೆ, ಶುಕ್ರವಾರ ದಾಟಿದ್ರೆ ನಾನೇನೂ ಮಾಡೋಕಾಗಲ್ಲ ಅಂದ್ರು.

ಅವಳು ಫೋನ್ ಇಟ್ಟು ಮಾವನ ಮುಖ ನೋಡಿದ್ಲು. ಕಣ್ಣಲ್ಲಿ ನೀರು.

"ತೆಗೆದುಬಿಡು ದಾಕ್ಷಾಯಿಣಿ," ಅಂದ್ರು ಮಾವ. "ಪ್ರಿಂಟಲ್ಲಿ ಒಂದು ಸಲ ನೋಡಿದ್ನಲ್ಲ, ಸಾಕು." ಸಾಕು ಅಂದೋರ ಕೈ ಮಾತ್ರ ಪೆನ್ನಿನ ಕ್ಯಾಪನ್ನ ತೆಗೆಯೋದು ಹಾಕೋದು ಮಾಡ್ತಾನೇ ಇತ್ತು.

ನಾನು ಫೈಲ್ ತೆಗೆದೆ. ಮಾವನ ನಾಲ್ಕು ವಾಕ್ಯಕ್ಕೆ ನೀಲಿ ಬಳಿದು ಡಿಲೀಟ್ ಒತ್ತಿದೆ. ಇಷ್ಟು ವರ್ಷದಾಗೆ ಎಷ್ಟೋ ಪುಟ ಅಳಿಸಿದೀನಿ, ಬೆರಳು ಹಂಗೆ ಭಾರ ಆಗಿದ್ದಿಲ್ಲ. ಕಾವ್ಯಶ್ರೀ ಪಕ್ಕದಾಗೆ ಬಗ್ಗಿ ನೋಡ್ತಿದ್ಲು. "ಅದರ ಮೇಲಿಂದೂ ತೆಗೀರಿ ಅಕ್ಕ," ಅಂದ್ಲು. "ಲಿಂಗವೇ ತೀರ್ಮಾನಿಸಿತು ಅನ್ನೋದು."

"ಅದು ನೀನೇ ಬರೆದಿದ್ದಲ್ವೇನಮ್ಮ?"

"ಬರೆದಿದ್ದೆ. ಈಗ ಅದನ್ನ ಹೆಂಗೆ ಇಟ್ಕಳ್ಳಿ ನಾನು?"

"ಹಂಗಾದ್ರೆ ಅಲ್ಲಿ ಏನು ಹಾಕಲಿ?"

"ಏನೂ ಬೇಡ. ಅಲ್ಲಿಗೇ ನಿಲ್ಲಲಿ." ಹೋಗುವಾಗ ಮಾವನ ಕಾಲು ಮುಟ್ಟಿದ್ಲು. ಬಾಗಿಲಲ್ಲಿ ನಿಂತು, ನಾಳೆ ಸಂಜೆ ಒಳಗೆ ಪ್ರಿಂಟ್ ತೆಗೆದಿಡ್ರಿ, ಕೃತಜ್ಞತೆ ಪುಟದ ಕೊನೇ ಸಾಲು ಯಾವಾಗ್ಲೂ ಹಾಕೋ ಹಂಗೆ ನೀವೇ ಹಾಕ್ಕಳ್ರಿ ಅಂದ್ಲು. ಹೊಳಲ್ಕೆರೆ ಬಸ್ಸಿಗೆ ಹೊತ್ತಾಗಿತ್ತು, ಓಡಿದ್ಲು.

ನಾವಿಬ್ರೇ ಉಳಿದ್ವಿ. ಮಾವನಿಗೆ ಬೈದಿದ್ದು ನೆನಪಾಗಿ ನಂಗೆ ನಾಚಿಕೆ ಆಗ್ತಿತ್ತು. ತಪ್ಪಾತು ಮಾವ ಅಂದೆ. ಇರಲಿ ಬಿಡು ಅಂದ್ರು. ಫ್ಲಾಸ್ಕಿಂದ ಚಾ ಬಗ್ಗಿಸಿ ಕೊಟ್ಟೆ. ಆಮೇಲೆ ಕೇಳಬೇಕಾದ್ದು ಯಾರೂ ಕೇಳಿಲ್ಲ ಅನ್ನೋದು ಹೊಳೀತು.

"ಅವರ ಹೆಸರೇನು ಮಾವ, ನಿಮ್ಮ ಅಕ್ಕಂದು?"

"ನಾಗಕ್ಕ," ಅಂದ್ರು.

ನಾನು ಚಾ ಲೋಟ ಕೆಳಗಿಟ್ಟೆ. ಹೊರಗೆ ಹೂವಿನ ನಾಗಕ್ಕ ಮಾಲೆ ಕಟ್ತಾ ಯಾರಿಗೋ ಬೈತಿದ್ಲು. ಹದಿನಾಲ್ಕು ವರ್ಷ ಈ ಮನುಷ್ಯನ ಬಗ್ಗೆ ನಾನು ಏನು ಅಂದ್ಕೊಂಡಿದ್ದೆ, ಗಂಡನ ಮುಂದೆ ಏನು ಆಡ್ಕೊಂಡಿದ್ದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

"ನಾನು ಅಕ್ಕ ಅಂತಷ್ಟೇ ಕರೀತಿದ್ದೆ," ಅಂದ್ರು ಮಾವ. "ಆ ಹೆಸರಿಂದ ನನ್ನ ಕರೆದದ್ದು ಅವ್ವ. ಅಲ್ಲಿಂದ ನಡ್ಕೊಂಡು ಹಿರಿಯೂರಿಗೆ ಬಂದ್ವಿ, ದಾರಿ ತುಂಬ ಯಾರ್ಯಾರೋ. ಲಂಗ ಹಾಕಿರೋ ಮಗೂಗೆ ಒಂದು ಹೆಣ್ಣು ಹೆಸರು ಬೇಕಲ್ಲ. ಅವ್ವಗೆ ಬಾಯಿಗೆ ಬಂದಿದ್ದು ಅದೊಂದೇ. ಹಿರಿಯೂರಿಗೆ ಬಂದ ಮೇಲೂ ಒಂದು ವರ್ಷ ಹಂಗೇ ಕರೀತಿದ್ಲು, ಶಾಲೆಗೆ ಹಾಕಿ ಮುರುಗೇಶಪ್ಪ ಅಂತ ಬರೆಸೋವರೆಗೂ. ದಾರೀಲಿ ಸುಮ್ಸುಮ್ನೆ ಕೂಗೋಳು. ನಾಗಕ್ಕಾ ಅನ್ನೋಳು, ಏನವ್ವಾ ಅಂತಿದ್ದೆ. ಏನಿಲ್ಲ, ಹಂಗೇ ಕೂಗ್ದೆ ಅನ್ನೋಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೂಗೋಳು. ನನ್ನ ಕೂಗ್ತಿದ್ಲೋ ಅವಳನ್ನ ಕೂಗ್ತಿದ್ಲೋ."

ಮಾರನೇ ದಿನ ಗುರುವಾರ. ಇನ್ನೂರ ಎಂಬತ್ತು ಪುಟ, ಕೊನೇ ಸಲದ ತಾಳೆ. ಮಾವನ ಕಣ್ಣು ರಾತ್ರಿ ನಿದ್ದೆ ಇಲ್ಲದೆ ಊದಿದ್ವು. "ಅಕ್ಷರ ಮಂಜು ಮಂಜು ಕಾಣ್ತಾವೆ, ಇವತ್ತು ನೀನೇ ಓದು, ನಾನು ಪ್ರಿಂಟ್ ಮೇಲೆ ಬೆರಳಿಟ್ಕೊಂಡು ಬರ್ತೀನಿ," ಅಂದ್ರು. ಹಂಗೇ ಮಾಡಿದ್ವಿ. ಕಂಪ್ಯೂಟರ್ ನೋಡ್ಕೊಂಡು ನಾನು ಓದಿದೆ, ಅವರು ಹ್ಞೂಂ ಅಂದ್ರು. ನಾಲ್ಕನೇ ಅಧ್ಯಾಯದಾಗೆ ಆ ಜಾಗ ಬಂತು. ಎರಡು ಸಾಲು ನಿಲ್ಲಿಸಿದ್ರು ಅನ್ನೋದರ ಮುಂದೆ ಏನೂ ಇರಲಿಲ್ಲ. ಹ್ಞೂಂ ಅಂದ್ರು ಮಾವ, ಬೆರಳು ಮುಂದೆ ಹೋತು.

ಕೃತಜ್ಞತೆ ಪುಟ ನಾವು ಯಾವಾಗ್ಲೂ ಕೊನೇಗೆ ನೋಡಾದು. ಅಷ್ಟೊತ್ತಿಗೆ ನಾಲ್ಕು ಗಂಟೆ. ಆ ಸಾಲನ್ನ ನಾನು ಬೆಳಿಗ್ಗೇನೇ ಹಾಕಿಟ್ಟಿದ್ದೆ. ಮಾಡಿದ್ದು ಸರೀನೋ ತಪ್ಪೋ ಅಂತ ಇಡೀ ದಿನ ಅದೇ ಯೋಚನೆ. ಮಾವ ಬೈಬಹುದು, ಕೆಂಪು ಗೀಟು ಹೊಡೆದು ತಮ್ಮ ಹೆಸರೇ ಹಾಕು ಅನ್ನಬಹುದು. ಕಾವ್ಯಶ್ರೀ ನೋಡಿದ್ರೆ ಏನಂತಾಳೋ ಅದೂ ಗೊತ್ತಿಲ್ಲ. ಗೈಡು, ಕಾಲೇಜು, ಅವಳ ಅಪ್ಪ ಅಮ್ಮ, ಲೈಬ್ರರಿಯೋರು, ಒಬ್ಬೊಬ್ಬರನ್ನೇ ದಾಟಿ ಬಂದೆ.

"ಅಕ್ಷರ ಜೋಡಿಸಿದ ದಾಕ್ಷಾಯಿಣಿ," ಅಂತ ಓದಿದೆ. "ಅಲ್ಪವಿರಾಮ. ಕರಡು ತಿದ್ದಿದ ನಾಗಕ್ಕ."

ಹ್ಞೂಂ ಬರಲಿಲ್ಲ. ತಿರುಗಿ ನೋಡಿದೆ. ಮಾವನ ಬೆರಳು ಕಾಗದದ ಮೇಲೆ ಆ ಹೆಸರಿನ ಕೆಳಗೇ ಇತ್ತು. ಕೆಂಪು ಪೆನ್ನು ಮುಚ್ಚಿದ್ದು ಮುಚ್ಚಿದಂಗೇ ಇತ್ತು. ತಲೆ ಎತ್ತಿದ್ರು. ಈ ಸಲ ರಸ್ತೆ ಕಡೆ ನೋಡಲಿಲ್ಲ, ನನ್ನ ನೋಡಿದ್ರು.

"ಏನವ್ವಾ?" ಅಂದ್ರು.

ಕಂಪ್ಯೂಟರ್ ಕಡೆ ತಿರುಗಿ ಸೆರಗಿಂದ ಮುಖ ಒರೆಸ್ಕೊಂಡೆ.

"ಏನಿಲ್ಲ," ಅಂದೆ. "ಹಂಗೇ ಕೂಗ್ದೆ."